ಇನ್ನು ಮುಂದೆ ಒಂದೇ ಸಂಜೆಯ ಟಿಕೆಟ್ ಕೂಡ ಸಿಗುತ್ತದೆ

ಪ್ರಿಯ ರಸಿಕರೇ,

ಈ ಸಲದ ರಾಮನವಮಿ ಸಂಗೀತ ಕಚೇರಿಗಳಿಂದ ನಮ್ಮ ಸಹಕಾರ ಸಂಘದ ಟಿಕೆಟ್ ಪದ್ಧತಿ ಬದಲಾಗುತ್ತಿದೆ. ಇದುವರೆಗೆ ನಾವು ಸೀಸನ್ ಕಾರ್ಡ್ ಮಾತ್ರ ಕೊಡುತ್ತಿದ್ದೆವು. ಎಲ್ಲ ಕಚೇರಿಗೂ ಸೇರಿ ಒಂದು ಕಾರ್ಡ್, ಒಂದು ಕುರ್ಚಿ. ಇನ್ನು ಒಂದೇ ಸಂಜೆ ಬಂದು ಕೇಳುವವರಿಗೂ ಟಿಕೆಟ್ ಇದೆ. ಬೆಲೆ 300 ರೂಪಾಯಿ, ವಿದ್ಯಾರ್ಥಿಗಳಿಗೆ 100.

ಕಾರಣ ಇಷ್ಟೇ. "ಒಂದು ದಿನ ಕೇಳಿ ನೋಡ್ಬೇಕು, ಟಿಕೆಟ್ ಇದೆಯಾ?" ಅಂತ ಕೌಂಟರಿಗೆ ಬರುವವರು ವರ್ಷದಿಂದ ವರ್ಷಕ್ಕೆ ಜಾಸ್ತಿಯಾಗುತ್ತಿದ್ದಾರೆ. ಕಾಲೇಜು ಹುಡುಗರು, ಕೆಲಸಕ್ಕೆಂದು ಬೇರೆ ಊರಿಂದ ಬೆಂಗಳೂರಿಗೆ ಬಂದವರು, ಮಗಳು ಸಂಗೀತ ಕಲಿಯಲು ಶುರು ಮಾಡಿದ್ದಾಳೆ ಎಂದು ಬರುವ ಅಪ್ಪ-ಅಮ್ಮಂದಿರು. ಇದು 1905ರಿಂದ ಗಾಯನ ಸಮಾಜ ಇರುವ ಊರು. 1939ರಿಂದ ಚಾಮರಾಜಪೇಟೆಯಲ್ಲಿ ರಾಮನವಮಿ ಕಚೇರಿಗಳು ನಡೆಯುತ್ತಿರುವ ಊರು. ಇಲ್ಲಿ ಹೊಸಬರಿಗೆ ಬಾಗಿಲಲ್ಲೇ ಇಲ್ಲ ಅನ್ನುವುದು ನಮಗೆ ಒಪ್ಪಿಗೆಯಾಗಲಿಲ್ಲ.

ಸೀಸನ್ ಕಾರ್ಡ್ ಇರುವವರು ಗಾಬರಿಯಾಗಬೇಡಿ. ನಿಮ್ಮ ಕುರ್ಚಿ ನಿಮ್ಮದೇ. ಯಾವುದಾದರೂ ದಿನ ಬರಲಾಗದಿದ್ದರೆ ಅವತ್ತು ಮಧ್ಯಾಹ್ನ 12ರ ಒಳಗೆ ತಿಳಿಸಿ. ಆ ಜಾಗವನ್ನು ಬೇರೆಯವರಿಗೆ ಕೊಡುತ್ತೇವೆ. ಬಂದ ಹಣದಲ್ಲಿ ಅರ್ಧವನ್ನು ನಿಮ್ಮ ಮುಂದಿನ ವರ್ಷದ ಕಾರ್ಡಿನಲ್ಲಿ ಕಡಿಮೆ ಮಾಡುತ್ತೇವೆ.

ಬೆಲೆಯ ಬಗ್ಗೆಯೂ ಒಂದು ಮಾತು. 500 ರೂಪಾಯಿವರೆಗಿನ ಕಚೇರಿ ಟಿಕೆಟ್‌ಗೆ ಜಿಎಸ್‌ಟಿ ಇಲ್ಲ. ಅದಕ್ಕಿಂತ ಮೇಲೆ ಹೋದರೆ 18% ಸೇರುತ್ತದೆ. ಆದ್ದರಿಂದ ಒಂದು ದಿನದ ಟಿಕೆಟ್ಟನ್ನು ಆ ಗೆರೆ ದಾಟಲು ಬಿಡುವುದಿಲ್ಲ. ಫೋನಿನಲ್ಲಿ ಕೊಂಡರೂ 300 ಅಂದರೆ 300. ಹಣ ಕಟ್ಟುವ ಹೊತ್ತಿಗೆ ಮತ್ತೊಂದಿಷ್ಟು ಸೇರಿಸುವುದಿಲ್ಲ.

ಟಿಕೆಟ್ ಮೇಲೆ ನಿಮ್ಮ ಹೆಸರಿರುತ್ತದೆ. 2025ರ ಜನವರಿಯಲ್ಲಿ ನವಿ ಮುಂಬೈಯಲ್ಲಿ ನಡೆದ ಬ್ರಿಟಿಷ್ ರಾಕ್ ತಂಡ ಕೋಲ್ಡ್‌ಪ್ಲೇಯ ಶೋಗಳ ಟಿಕೆಟ್‌ಗಳನ್ನು ಕೆಲವರು ಮೂಲ ಬೆಲೆಯ ಹಲವು ಪಟ್ಟು ಬೆಲೆಗೆ ಮಾರಲು ಹೊರಟದ್ದು ನಿಮಗೆ ನೆನಪಿರಬಹುದು. ನಮ್ಮದು ಅಷ್ಟು ದೊಡ್ಡ ಕಾರ್ಯಕ್ರಮ ಅಲ್ಲ, ನಿಜ. ಆದರೂ ಹೆಸರಾಂತ ಗಾಯಕರ ದಿನ ಒಬ್ಬರೇ ಹತ್ತಾರು ಟಿಕೆಟ್ ಕೊಂಡರೆ ಉಳಿದವರು ಬರಿಗೈಲಿ ಹೋಗಬೇಕಾಗುತ್ತದೆ. ಅದಕ್ಕೇ ಒಬ್ಬರಿಗೆ ನಾಲ್ಕು ಟಿಕೆಟ್ ಮಾತ್ರ. ಬರಲಾಗದಿದ್ದರೆ ಹಿಂದಿನ ದಿನದವರೆಗೆ ಕೌಂಟರಿಗೆ ವಾಪಸ್ ಕೊಡಬಹುದು, ಪೂರ್ತಿ ಹಣ ಕೊಡುತ್ತೇವೆ. ವಾಟ್ಸಾಪ್ ಗುಂಪಿನಲ್ಲಿ ಯಾರೋ ಮಾರುತ್ತಿದ್ದಾರೆಂದು ಮಾತ್ರ ದಯವಿಟ್ಟು ಕೊಳ್ಳಬೇಡಿ.

ಇನ್ನು ಮುಂದಿನದು ಮೊದಲ ಸಲ ಬರುವವರಿಗೆ.

"ನಮಗೆ ಅರ್ಥ ಆಗುತ್ತಾ?" ಅಂತ ಎಲ್ಲರೂ ಕೇಳುತ್ತಾರೆ. ರಾಗದ ಹೆಸರು ಗೊತ್ತಿರಬೇಕಿಲ್ಲ. ಸಂಜೆ ಹೇಗೆ ಸಾಗುತ್ತದೆ ಎಂದು ಗೊತ್ತಿದ್ದರೆ ಸಾಕು. ಸಾಮಾನ್ಯವಾಗಿ ವರ್ಣ ಎಂಬ ರಚನೆಯಿಂದ ಶುರು. ಆಮೇಲೆ ಕೆಲವು ಚಿಕ್ಕ ಕೃತಿಗಳು, ಅಂದರೆ ಹಾಡುಗಳು. ನಡುವೆ ಒಂದು ರಾಗವನ್ನು ಗಾಯಕರು ಸಾಹಿತ್ಯವಿಲ್ಲದೆ ನಿಧಾನವಾಗಿ ಬೆಳೆಸುತ್ತಾರೆ. ಅದು ಆಲಾಪನೆ. ಅವರು ಬಿಟ್ಟ ಜಾಗದಿಂದ ಪಿಟೀಲು ಎತ್ತಿಕೊಳ್ಳುತ್ತದೆ. ಮುಖ್ಯ ಕೃತಿ ಇದರ ನಂತರ ಬರುತ್ತದೆ, ಒಂದು ಗಂಟೆ ಹಿಡಿದರೂ ಆಶ್ಚರ್ಯವಿಲ್ಲ. ಅದರ ಕೊನೆಗೆ ತನಿ ಆವರ್ತನ: ಹಾಡು ನಿಂತು ಮೃದಂಗ, ಘಟ, ಖಂಜಿರ ತಾವಾಗಿಯೇ ಮಾತಾಡುವ ಹೊತ್ತು. ಆಮೇಲೆ ದೇವರನಾಮ, ತಾಳದ ಸೊಲ್ಲುಗಳಿಂದ ಕಟ್ಟಿದ ಚುರುಕಾದ ತಿಲ್ಲಾನ, ಕೊನೆಗೆ ಮಂಗಳ.

ತನಿ ಶುರುವಾದ ತಕ್ಷಣ ಕಾಫಿಗೆ ಏಳುವ ಅಭ್ಯಾಸ ನಮ್ಮ ಊರಿನಲ್ಲಿ ಹಳೆಯದು. ನಮಗೆ ಇದು ತುಂಬಾ ಬೇಸರ ತರುತ್ತದೆ. ಮೂರು ಗಂಟೆ ಹಾಡನ್ನು ಹೊತ್ತು ನಡೆದ ಕಲಾವಿದರಿಗೆ ಸಿಗುವ ಸಮಯ ಅದೊಂದೇ. ಅಲ್ವಾ? ಕ್ಯಾಂಟೀನನ್ನು ಆ ಹೊತ್ತಿಗೆ ಮುಚ್ಚಿಸಲು ತೀರ್ಮಾನಿಸಿದ್ದೇವೆ. ಹೊಸಬರೂ ಹಳಬರೂ ಕೂತು ಕೇಳಿ. ತಾಳ ಹಾಕಲು ಬರದಿದ್ದರೆ ಪಕ್ಕದವರ ಕೈ ನೋಡಿ. ಆದಿತಾಳವಾದರೆ ಒಂದು ಪೆಟ್ಟು, ಮೂರು ಬೆರಳ ಎಣಿಕೆ, ಆಮೇಲೆ ಎರಡು ಸಲ ಪೆಟ್ಟು ಮತ್ತು ಕೈ ತಿರುಗಿಸುವುದು. ಎಂಟು ಎಣಿಕೆ, ಮತ್ತೆ ಮೊದಲಿಂದ. ನಾಲ್ಕಾರು ಸುತ್ತಿಗೆ ಕೈ ತಾನೇ ಹಿಡಿಯುತ್ತದೆ.

ಎಲ್ಲಿ ಕೂರಬೇಕು ಅಂತ ಕೇಳಿದರೆ ನಮ್ಮ ಸಲಹೆ ನಡುವಿನ ಸಾಲು. ತೀರಾ ಮುಂದೆ ಕೂತರೆ ಸ್ಪೀಕರ್ ಸದ್ದೇ ಜಾಸ್ತಿ. ಕಲಾವಿದರು ಕೂರುವ ಕ್ರಮವನ್ನೂ ಗಮನಿಸಿ. ಗಾಯಕರು ನಡುವೆ. ಅವರ ಎಡಕ್ಕೆ ಪಿಟೀಲು, ಬಲಕ್ಕೆ ಮೃದಂಗ. ಮೃದಂಗದವರು ಬಲಗೈ ನುಡಿಸುವ ಮುಖವನ್ನು ಸಭೆಯ ಕಡೆಗೇ ಇಟ್ಟುಕೊಂಡಿರುತ್ತಾರೆ. ಆದ್ದರಿಂದ ಬೆರಳುಗಳು ನಿಮಗೆ ಚೆನ್ನಾಗಿ ಕಾಣುತ್ತವೆ.

ಕಚೇರಿ ಸಂಜೆ 6.30ಕ್ಕೆ ಸರಿಯಾಗಿ ಶುರುವಾಗುತ್ತದೆ. ತಡವಾದರೆ ಚಿಂತೆ ಬೇಡ, ಒಂದು ಕೃತಿ ಮುಗಿದಾಗ ಒಳಗೆ ಬಿಡುತ್ತೇವೆ. ಫೋನ್ ಮೌನವಾಗಿರಲಿ, ರೆಕಾರ್ಡಿಂಗ್ ಬೇಡ. ಚಪ್ಪರದಡಿ ಏಪ್ರಿಲ್ ಸೆಕೆ ಇರುತ್ತದೆ. ಹತ್ತಿ ಬಟ್ಟೆ ಹಾಕಿಕೊಂಡು ಬನ್ನಿ, ನೀರಿನ ಬಾಟಲಿ ತನ್ನಿ. ರಾಮನವಮಿಯ ದಿನ ಪಾನಕ, ಕೋಸಂಬರಿ, ಮಜ್ಜಿಗೆ ನಮ್ಮ ಕಡೆಯಿಂದ. ಮನೆಗೆ ಮರಳುವ ದಾರಿಯನ್ನು ಮೊದಲೇ ನೋಡಿಟ್ಟುಕೊಳ್ಳಿ, ಮಂಗಳ ಮುಗಿಯುವಷ್ಟರಲ್ಲಿ ರಾತ್ರಿ 9.30 ದಾಟುತ್ತದೆ.

ಟಿಕೆಟ್ ಮಾರಾಟ ಶಿವರಾತ್ರಿಯ ಮಾರನೇ ದಿನ ಬೆಳಿಗ್ಗೆ 9ಕ್ಕೆ ಶುರು. ಕೌಂಟರಿನಲ್ಲೂ ಫೋನಿನಲ್ಲೂ ಒಂದೇ ಸಮಯಕ್ಕೆ ತೆರೆಯುತ್ತದೆ. ಪ್ರತಿ ಸಂಜೆಯ ಕೆಲವು ಟಿಕೆಟ್‌ಗಳನ್ನು ಅವತ್ತಿಗೇ ಎತ್ತಿಡುತ್ತೇವೆ, ಅವು ಸಂಜೆ 5ಕ್ಕೆ ಬಾಗಿಲಲ್ಲಿ ಸಿಗುತ್ತವೆ. ಯಾವ ದಿನಕ್ಕೆ ಬರಲಿ ಎಂದು ತೋಚದಿದ್ದರೆ ಕೌಂಟರಿನಲ್ಲಿ ಕೇಳಿ. ವಾದ್ಯ ಇಷ್ಟವೋ ಹಾಡುಗಾರಿಕೆ ಇಷ್ಟವೋ ಹೇಳಿ. ಸರಿಹೊಂದುವ ಸಂಜೆಯನ್ನು ನಾವೇ ಹುಡುಕಿಕೊಡುತ್ತೇವೆ.

ವಿಶ್ವಾಸದಿಂದ,
ಸಂಘದ ಕಾರ್ಯಕಾರಿ ಸಮಿತಿ ಮತ್ತು ಟಿಕೆಟ್ ಕೌಂಟರಿನ ಬಳಗ