ಗಣಪ ಹೋದ ಮೇಲೆ ಬರುವವನು

ಗಣಪತಿ ಹಬ್ಬ ಚೆನ್ನಾಗಿ ಆಯಿತು. ಬಾಡಿಗೆ ಹಾಲಿನಲ್ಲಿ ಕೂರಲು ಜಾಗ ಸಾಲಲಿಲ್ಲ, ಕಡುಬು ಸಾಲಲಿಲ್ಲ, ಪಾರ್ಕಿಂಗ್ ಅಂತೂ ಕೇಳಲೇಬೇಡಿ. ಫೋಟೋಗಳು ಒಳಪುಟಗಳಲ್ಲಿವೆ. ನಾನಿಲ್ಲಿ ಬರೆಯಹೊರಟಿರುವುದು ಗಣಪನ ಬೆನ್ನಿಗೇ ಬರುವ ಇನ್ನೊಬ್ಬನ ಬಗ್ಗೆ. ನಮ್ಮ ಸಂಘದ ಕ್ಯಾಲೆಂಡರಿನಲ್ಲಿ ಅವನ ಹೆಸರೇ ಇಲ್ಲ.

ಜೋಕುಮಾರಸ್ವಾಮಿ. ಗದಗ, ಕೊಪ್ಪಳ, ಹಾವೇರಿ, ಬಾಗಲಕೋಟೆ, ವಿಜಯಪುರದ ಕಡೆಯವರಿಗೆ ಪರಿಚಯ ಬೇಕಿಲ್ಲ. ಮೈಸೂರು ಸೀಮೆಯ ಹಲವರಿಗೆ ಇವನು ಹೊಸಬ. ಭಾದ್ರಪದದ ಚೌತಿಗೆ ಗಣಪ ಬಂದರೆ, ಅಷ್ಟಮಿಗೆ ಇವನು ಹುಟ್ಟುತ್ತಾನೆ. ಆಯುಷ್ಯ ಏಳೇ ದಿನ. ಅನಂತನ ಹುಣ್ಣಿಮೆಗೆ ಕಥೆ ಮುಗಿಯಿತು. ಅದೂ ಸುಮ್ನೆ ಮುಗಿಯುವುದಿಲ್ಲ, ಒನಕೆ ಏಟು ತಿಂದು ಮುಗಿಯುತ್ತದೆ.

ಹಳ್ಳಿಯವರು ಹೇಳುವ ಕಥೆ ಹೀಗಿದೆ. ಗಣಪ ಭೂಮಿಗೆ ಬಂದು ಮನೆಮನೆಯಲ್ಲೂ ಕಡುಬು ತಿಂದು ಕೈಲಾಸಕ್ಕೆ ವಾಪಸ್ಸಾಗುತ್ತಾನೆ. ಜನ ಹೇಗಿದ್ದಾರೆ ಅಂತ ಶಿವ ಪಾರ್ವತಿ ಕೇಳಿದರೆ, ಎಲ್ಲ ಆರಾಮ್ ಇದ್ದಾರೆ, ಹೊಟ್ಟೆ ತುಂಬ ಉಣಿಸಿ ಕಳಿಸಿದರು ಅನ್ನುತ್ತಾನೆ. ಪಾಪ, ಅವನು ಕಂಡದ್ದು ಹಬ್ಬದ ಮನೆಗಳನ್ನು ಮಾತ್ರ. ಆಮೇಲೆ ಜೋಕುಮಾರ ಇಳಿದು ಬರುತ್ತಾನೆ. ಓಣಿ ಓಣಿ ತಿರುಗುತ್ತಾನೆ. ಕೆರೆ ಒಣಗಿದ್ದು, ಬೆಳೆ ಬಾಡಿದ್ದು, ದನ ಬಡಕಲಾಗಿದ್ದು ಎಲ್ಲ ನೋಡುತ್ತಾನೆ. ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಾನೆ. ಆಗ ಮಳೆ ಬರುತ್ತದೆ.

ಪತ್ರಿಕೆ ನಡೆಸುವವರಿಗೆ ಈ ಕಥೆ ಸ್ವಲ್ಪ ಜಾಸ್ತಿಯೇ ಚುಚ್ಚುತ್ತದೆ. ನಾವೂ ರಜೆಗೆ ಊರಿಗೆ ಹೋಗುತ್ತೇವೆ. ನೆಂಟರ ಮನೆಯಲ್ಲಿ ಹೋಳಿಗೆ ಊಟ, ಒಂದು ಮದುವೆ, ಎರಡು ದೇವಸ್ಥಾನ. ಇಲ್ಲಿಗೆ ಬಂದು 'ಊರು ತುಂಬಾ ಇಂಪ್ರೂವ್ ಆಗಿದೆ' ಅಂತೇವೆ. ಅದು ಗಣಪನ ವರದಿಯೇ ಅಲ್ವಾ?

ಮೂರ್ತಿ ನೋಡಿದವರಿಗೆ ಮರೆಯುವುದಿಲ್ಲ. ಹಸಿ ಮಣ್ಣಿನದು, ಗಿಡ್ಡ ಮೈ, ಅಗಲ ಮುಖ, ದಪ್ಪ ಮೀಸೆ, ತೆರೆದ ಬಾಯಿ. ಕೆಳಗೆ ಮೈಗೆ ಮೀರಿದ ಗಂಡಸುತನ, ಮುಚ್ಚುಮರೆ ಇಲ್ಲದೆ. ಬುಟ್ಟಿಯಲ್ಲಿ ಬೇವಿನ ಸೊಪ್ಪು ಹಾಸಿ ಅದರ ಮೇಲೆ ಕೂರಿಸಿರುತ್ತಾರೆ. ತುಟಿಗೆ ಬೆಣ್ಣೆ ಮೆತ್ತಿರುತ್ತಾರೆ. ಅಂಬಿಗರ, ತಳವಾರರ ಮನೆಯ ಹೆಣ್ಣುಮಕ್ಕಳು ಬುಟ್ಟಿ ಹೊತ್ತು ಬರುತ್ತಾರೆ. ಅಂಗಳದಲ್ಲಿ ಇಳಿಸಿ, ಸುತ್ತ ಕೂತು ಹಾಡು ಶುರು. 'ಎವ್ವಾ, ಜೋಕುಮಾರ ಬಂದಾನ, ಜ್ವಾಳ ನೀಡವಾ' ಅಂದರೆ ಮನೆಯೊಡತಿ ಮೊರದಲ್ಲಿ ಜೋಳ ತರುತ್ತಾಳೆ, ಮೇಲೊಂದಿಷ್ಟು ಉಪ್ಪು, ಮೆಣಸಿನಕಾಯಿ. ಬದಲಿಗೆ ಅವರು ಬೇವಿನ ಎಲೆ, ಒಂದು ಹಿಡಿ ನುಚ್ಚು ಕೊಡುತ್ತಾರೆ. ಅದನ್ನು ಹೊಲಕ್ಕೆ ಚೆಲ್ಲಿದರೆ ಬೆಳೆಗೆ ಹುಳ ಹತ್ತುವುದಿಲ್ಲ ಅಂತ ನಂಬಿಕೆ. ಮಕ್ಕಳಾಗದವರು ಇವನಿಗೆ ಹರಕೆ ಹೊರುವುದೂ ಉಂಟು. ತುಳುನಾಡಿನವರಿಗೆ ಆಟಿ ತಿಂಗಳಲ್ಲಿ ಮನೆಮನೆಗೆ ಬಂದು ಮಾರಿ ಓಡಿಸುವ ಕಳೆಂಜ ನೆನಪಾಗಬಹುದು.

ಈ ಹೊತ್ತಿಗೇ ಯಾಕೆ ಬರುತ್ತಾನೆ ಅನ್ನುವುದಕ್ಕೆ ಪಂಚಾಂಗಕ್ಕಿಂತ ಹೊಲದಲ್ಲಿ ಉತ್ತರ ಸಿಗುತ್ತದೆ. ಬಯಲುಸೀಮೆಯ ಎರೆ ಹೊಲದಲ್ಲಿ, ಅಂದರೆ ಕಪ್ಪು ಮಣ್ಣಿನ ಹೊಲದಲ್ಲಿ, ಹಿಂಗಾರಿ ಜೋಳ ಬಿತ್ತುವುದು ಸೆಪ್ಟೆಂಬರ್, ಅಕ್ಟೋಬರಿನಲ್ಲಿ. ವಿಜಯಪುರದಂಥ ಜಿಲ್ಲೆಯಲ್ಲಿ ವರ್ಷವಿಡೀ ಬೀಳುವ ಮಳೆಯೇ 600 ಮಿಲಿಮೀಟರ್ ಆಸುಪಾಸು. 'ಮಘೆ ಮಳೆ ಬಂದಷ್ಟು ಒಳ್ಳೆಯದು, ಮನೆಮಗ ಉಂಡಷ್ಟು ಒಳ್ಳೆಯದು' ಅಂತ ಗಾದೆಯೇ ಇದೆ. ಮಘೆ ಅಂದರೆ ನಕ್ಷತ್ರದ ಹೆಸರಿನಲ್ಲಿ ರೈತರು ಕರೆಯುವ ಮಳೆಗಳಲ್ಲೊಂದು. ಮಘೆ ಕೈಕೊಟ್ಟರೆ ಹುಬ್ಬೆ, ಹುಬ್ಬೆಯೂ ಹೋದರೆ ಸೆಪ್ಟೆಂಬರ್ 13ರ ಸುಮಾರಿಗೆ ಹೂಡುವ ಉತ್ತರೆ, ಆಮೇಲೆ ಹಸ್ತ. ಇವೂ ಹುಸಿಯಾದರೆ ಎರೆಯಲ್ಲಿ ಹಸಿ ನಿಲ್ಲುವುದಿಲ್ಲ, ಬೀಜ ಮನೆಯಲ್ಲೇ ಉಳಿಯುತ್ತದೆ. ರೈತ ಆಕಾಶ ನೋಡಿ ನೋಡಿ ಕುತ್ತಿಗೆ ನೋಯಿಸಿಕೊಳ್ಳುವ ಹೊತ್ತಿಗೆ ಸರಿಯಾಗಿ ಜೋಕುಮಾರನ ಬುಟ್ಟಿ ಬಾಗಿಲಿಗೆ ಬಂದಿರುತ್ತದೆ.

ಇನ್ನು ಸಾವು. ಊರಿಂದ ಊರಿಗೆ ವಿವರ ಬೇರೆ. ಅಗಸರ ಹುಡುಗಿಯ ಬೆನ್ನು ಹತ್ತಿದ, ಅವಳ ಕಡೆಯವರು ಬಡಿದು ಕೊಂದರು ಅನ್ನುವುದು ಹೆಚ್ಚು ಕಡೆ ಕೇಳುವ ಮಾತು. ಹುಣ್ಣಿಮೆ ರಾತ್ರಿ ಮೂರ್ತಿಯ ಸುತ್ತ ಮುಳ್ಳು ಹಾಕಿ, ಹೆಣ್ಣುಮಕ್ಕಳು ಹಾಡುತ್ತ ಸುತ್ತುತ್ತಾರೆ. ಯಾರದಾದರೂ ಸೀರೆಯ ಸೆರಗು ಮುಳ್ಳಿಗೆ ಸಿಕ್ಕಿಕೊಂಡರೆ, ಇವನೇ ಎಳೆದ ಅಂತ ಒನಕೆ ಎತ್ತುತ್ತಾರೆ! ಚೂರಾದ ಮಣ್ಣನ್ನು ಹಳ್ಳಕ್ಕೆ, ಬಟ್ಟೆ ಒಗೆಯುವ ಬಂಡೆಯ ಹತ್ತಿರ ಹಾಕುತ್ತಾರೆ. ಮಡಿವಾಳರು ಕೆಲವು ದಿನ ಆ ಕಡೆ ಬಟ್ಟೆ ಒಗೆಯಲು ಹೋಗುವುದಿಲ್ಲ, ಸೂತಕ. ಕೊಂದವರೇ ಅತ್ತು, ಸತ್ತವರಿಗೆ ಮಾಡುವ ದಿನವನ್ನೂ ಮಾಡುತ್ತಾರೆ.

ಇಷ್ಟೆಲ್ಲ ಓದಿ 'ಮೂಢನಂಬಿಕೆ' ಅಂತ ಒಂದೇ ಮಾತಿಗೆ ತಳ್ಳಿಹಾಕಬೇಡಿ. ಮಣ್ಣಿನ ಗೊಂಬೆ ಮಳೆ ತರಿಸುವುದಿಲ್ಲ, ಸರಿ. ಬೇವಿನ ಎಲೆ ಚೆಲ್ಲಿ ಕಾಯಿಕೊರಕ ಓಡಿಸುವುದೂ ಕಷ್ಟ. ಆದರೆ ವರ್ಷವಿಡೀ ಸೆರಗು ಹೊದ್ದು ತಲೆ ತಗ್ಗಿಸಿ ನಡೆಯುವ ಹೆಂಗಸರು ಆ ಏಳು ದಿನ ನಡುಬೀದಿಯಲ್ಲಿ ಪೋಲಿ ಹಾಡು ಹಾಡಿ ನಗುತ್ತಾರೆ, ಗಂಡಸರು ಬಾಯಿಮುಚ್ಚಿಕೊಂಡು ಕೇಳುತ್ತಾರೆ. ಇದನ್ನು ಯಾವ ಸಭ್ಯ ಹಬ್ಬವೂ ಕೊಟ್ಟಿಲ್ಲ. ಓದಿಕೊಂಡವರಿಗೆ ನಾಚಿಕೆಯಾಗಿ ಇವನನ್ನು ಮೂಲೆಗೆ ತಳ್ಳಿದ್ದೂ ಈ ಕಾರಣಕ್ಕೇ ಅಂತ ನನ್ನ ಗುಮಾನಿ.

ಹಾಗಂತ ಹೊಗಳಿ ಅಟ್ಟಕ್ಕೇರಿಸಲೂ ಮನಸ್ಸಿಲ್ಲ. ಮೂರ್ತಿ ಮಾಡುವವರು ಒಬ್ಬರು, ಹೊರುವವರು ಇನ್ನೊಬ್ಬರು, ಕೊಂದ ಪಾಪ ಹೊರುವವರು ಮತ್ತೊಬ್ಬರು. ಜಾತಿಗೊಂದು ಪಾಲು ಮೊದಲೇ ಹಂಚಿಟ್ಟಿದೆ. ಮೊರ ಹಿಡಿದು ನೀಡುವ ಮನೆ ಯಾವುದು, ಬಿಸಿಲಲ್ಲಿ ಬುಟ್ಟಿ ಹೊತ್ತು ಬೇಡುವ ತಲೆ ಯಾವುದು ಅನ್ನುವುದೂ ಗೊತ್ತೇ ಇದೆ. ಈಗ ಆ ಮನೆಗಳ ಹುಡುಗಿಯರು ಕಾಲೇಜಿಗೆ ಹೋಗುತ್ತಾರೆ, ಬುಟ್ಟಿ ಹೊರುವುದಿಲ್ಲ ಅಂದರೆ ನನಗೇನೂ ಬೇಜಾರಿಲ್ಲ. ಹಾಡು ಹೋಗುತ್ತದಲ್ಲ, ಬೇಜಾರು ಅದಕ್ಕೆ.

ಅದಕ್ಕೇ ಒಂದು ಕೋರಿಕೆ. ನಿಮ್ಮ ಅವ್ವನಿಗೋ ಅತ್ತೆಗೋ ಜೋಕುಮಾರನ ಪದ ಬರುತ್ತಿದ್ದರೆ ಫೋನ್ ಮುಂದಿಟ್ಟು ಹಾಡಿಸಿ. 'ಅಯ್ಯ, ಅವೆಲ್ಲ ಈಗ ಯಾಕ' ಅಂತ ಮೊದಲು ನಗುತ್ತಾರೆ. ಸ್ವಲ್ಪ ಕಾಯಿರಿ, ಹಾಡುತ್ತಾರೆ. ಯಾವ ಊರು, ಬುಟ್ಟಿ ಹೊರುತ್ತಿದ್ದವರು ಯಾರು ಅನ್ನುವುದನ್ನೂ ಕೇಳಿ ಬರೆದುಕೊಳ್ಳಿ. ದೀಪಾವಳಿ ಸಂಚಿಕೆಯಲ್ಲಿ ನಾಲ್ಕು ಪುಟ ತೆಗೆದಿಟ್ಟಿದ್ದೇನೆ. ಪೋಲಿ ಪದಗಳಿಗೆ ಕತ್ತರಿ ಹಾಕುವುದಿಲ್ಲ. ಮಕ್ಕಳ ಪುಟದ ಎದುರಿಗೆ ಬರದ ಹಾಗೆ ಮಾತ್ರ ನೋಡಿಕೊಳ್ಳುತ್ತೇನೆ.