ಎಷ್ಟು ನೀರು ಬೇಕು ಪುಟ್ಟಿ?

ಮೈಸೂರು

ಪ್ರೀತಿಯ ಪುಟ್ಟಿ,

ನಿನ್ನ ಮೆಸೇಜ್ ಓದಿದೆ. ಫೋನಿನಲ್ಲಾದರೆ ನಾನು ಜಾಸ್ತಿ ಪ್ರಸಂಗ ಮಾಡ್ತೀನಂತೆ, ನಿಮ್ಮಮ್ಮನ ದೂರು. ಅದಕ್ಕೇ ಬರೆಯುತ್ತಿದ್ದೇನೆ. ಬೇಜಾರಾದರೆ ನಡುವೆ ಎದ್ದು ಹೋಗಿ ಕಾಫಿ ಕುಡಿದು ಬಾ.

ನಿನ್ನ ಪ್ರಾರ್ಥನಾ ಕೂಟದ, ಆ ಫೆಲೋಶಿಪ್‌ನ ಗೆಳತಿಯರು ಹೇಳಿದ್ದು ಇಷ್ಟು, ಅಲ್ವಾ? ಕೂಸಾಗಿದ್ದಾಗ ತಲೆ ಮೇಲೆ ನೀರು ಹಾಕಿದ್ದು ಲೆಕ್ಕಕ್ಕಿಲ್ಲ. ನಂಬಿದ ಮೇಲೆ, ಪೂರ್ತಿ ಮುಳುಗಿ, ಮತ್ತೆ ದೀಕ್ಷಾಸ್ನಾನ, ಅಂದರೆ ಬ್ಯಾಪ್ಟಿಸಂ, ತಗೋಬೇಕು.

ಇಲ್ಲಿ ಎರಡು ಪ್ರಶ್ನೆ ಗಂಟು ಬಿದ್ದಿವೆ. ನೀರೆಷ್ಟು ಅನ್ನುವುದು ಒಂದು, ವಯಸ್ಸೆಷ್ಟು ಅನ್ನುವುದು ಇನ್ನೊಂದು. ಗ್ರೀಕ್, ರಷ್ಯನ್ ಆರ್ಥೊಡಾಕ್ಸ್ ಕ್ರೈಸ್ತ ಸಭೆಗಳಲ್ಲಿ ಕೂಸುಗಳನ್ನೇ ಮೂರು ಸಲ ನೀರಿನಲ್ಲಿ ಮುಳುಗಿಸಿ ಎತ್ತುತ್ತಾರೆ. ಇದನ್ನು ನಿನ್ನ ಗೆಳತಿಯರಿಗೆ ಹೇಳಿ ನೋಡು.

ನೀರಿನ ವಿಷಯ ಬೇಗ ಮುಗಿಸುತ್ತೇನೆ. ಬೈಬಲಿನಲ್ಲಿ ರೋಮಾಪುರದವರಿಗೆ ಬರೆದ ಪತ್ರದ 6ನೇ ಅಧ್ಯಾಯದಲ್ಲಿ ಅಪೊಸ್ತಲ ಪೌಲನು ದೀಕ್ಷಾಸ್ನಾನವನ್ನು ಕ್ರಿಸ್ತನ ಜೊತೆ ಸತ್ತು, ಹೂಣಲ್ಪಟ್ಟು, ಎದ್ದು ಬರುವುದು ಅನ್ನುತ್ತಾನೆ. ಮುಳುಗಿ ಏಳುವುದರಲ್ಲಿ ಅದು ಕಣ್ಣಿಗೆ ಕಟ್ಟುತ್ತದೆ, ಒಪ್ಪುತ್ತೇನೆ. ಆದರೆ ಹಳೇ ಸಭೆಯವರು ಹಟ ಮಾಡಲಿಲ್ಲ. ದಿದಾಖೆ ಅಂತ ಒಂದು ಪುಟ್ಟ ಕೈಪಿಡಿ ಇದೆ, ಸುಮಾರು 1ನೇ ಶತಮಾನದ ಕೊನೆಯದು. ಹರಿಯುವ ನೀರಿದ್ದರೆ ಅದರಲ್ಲಿ ಮಾಡಿ, ಇಲ್ಲದಿದ್ದರೆ ಬೇರೆ ನೀರಾದರೂ ಸರಿ, ತಣ್ಣೀರು ಆಗದಿದ್ದರೆ ಬಿಸಿನೀರು, ಯಾವುದೂ ಸಾಕಷ್ಟಿಲ್ಲದಿದ್ದರೆ ತಲೆಯ ಮೇಲೆ ಮೂರು ಸಲ ಸುರಿಯಿರಿ ಅನ್ನುತ್ತದೆ ಅದು. ಬರಗಾಲದ ಊರಿನ ಪಾಸ್ಟರ್ ಯಾರೋ ಕೂತು ಬರೆಸಿರಬೇಕು ಅಂತ ನನಗೆ ಯಾವಾಗಲೂ ಅನ್ನಿಸುತ್ತದೆ.

ವಯಸ್ಸಿನ ಪ್ರಶ್ನೆ ಅಷ್ಟು ಸುಲಭ ಅಲ್ಲ. ಮೊದಲ ಸಭೆಗಳ ಕಥೆ ಹೇಳುವ ಅಪೊಸ್ತಲರ ಕೃತ್ಯಗಳಲ್ಲಿ ಜನ ಮೊದಲು ನಂಬುತ್ತಾರೆ, ಆಮೇಲೆ ನೀರಿಗಿಳಿಯುತ್ತಾರೆ. ಗೆಳತಿಯರ ವಾದಕ್ಕೆ ಬಲ ಇದೆ. ಅದಕ್ಕಾಗಿ ಜನ ಪ್ರಾಣವನ್ನೇ ಕೊಟ್ಟಿದ್ದಾರೆ. 1525ರ ಜನವರಿಯಲ್ಲಿ ಜ್ಯೂರಿಕ್‌ನಲ್ಲಿ ಕೆಲವರು, ಕೂಸಾಗಿದ್ದಾಗ ಆದದ್ದು ಸಾಲದು ಅಂತ ಮತ್ತೆ ದೀಕ್ಷಾಸ್ನಾನ ಪಡೆದರು. ಅವರ ಗುಂಪಿನ ಫೆಲಿಕ್ಸ್ ಮಾಂಟ್ಸ್ ಅನ್ನುವವನನ್ನು 1527ರಲ್ಲಿ ಅಲ್ಲಿನ ಲಿಮ್ಮಾತ್ ಹೊಳೆಯಲ್ಲಿ ಮುಳುಗಿಸಿ ಕೊಂದರು. ಕೊಲ್ಲಿಸಿದ್ದು ಪ್ರಾಟೆಸ್ಟೆಂಟರೇ. ಹಾಗಾಗಿ ಆ ಕಡೆಯವರನ್ನು ಹಗುರವಾಗಿ ಮಾತಾಡಲು ನನಗೆ ಬಾಯಿ ಬರುವುದಿಲ್ಲ.

ಆದರೂ ನಾವು ನಿನ್ನನ್ನು ಕೂಸಾಗಿದ್ದಾಗಲೇ ಎತ್ತಿಕೊಂಡು ಹೋದೆವು. ಫಿಲಿಪ್ಪಿಯ ಸೆರೆಮನೆ ಅಧಿಕಾರಿಯ ಕಥೆ ನಿನಗೆ ಗೊತ್ತು. ಸೆರೆಯಲ್ಲಿದ್ದ ಪೌಲ, ಸೀಲರ ಬಾಸುಂಡೆಗಳನ್ನು ಅವನು ರಾತ್ರೋರಾತ್ರಿ ತೊಳೆದ, ಅದೇ ಹೊತ್ತಿನಲ್ಲಿ ಅವನಿಗೂ ಅವನ ಮನೆಯವರೆಲ್ಲರಿಗೂ ದೀಕ್ಷಾಸ್ನಾನವಾಯಿತು. ಆ ಮನೆಯಲ್ಲಿ ಕೂಸುಗಳಿದ್ದವೋ ಇಲ್ಲವೋ, ಆ ಕಥೆ ಬರೆದ ಲೂಕನು ಹೇಳಿಲ್ಲ. ಅದನ್ನು ಹಿಡಿದು ನಾನು ವಾದಕ್ಕಿಳಿಯುವುದಿಲ್ಲ. ನನ್ನ ಮನಸ್ಸಿಗೆ ನಾಟಿದ್ದು ಯೊರ್ದನ್ ಹೊಳೆ. ಯೇಸು ಪಾಪಿಗಳ ಸಾಲಿನಲ್ಲಿ ನಿಂತು ಸ್ನಾನ ಮಾಡಿಸಿಕೊಂಡು ಮೇಲೆ ಬಂದಾಗ ‘ಈತನು ನನ್ನ ಪ್ರಿಯ ಮಗನು, ಈತನನ್ನು ಮೆಚ್ಚಿದ್ದೇನೆ’ ಅನ್ನುವ ಮಾತು ಆಕಾಶದಿಂದ ಕೇಳಿಸಿತು. ಆ ಹೊತ್ತಿಗೆ ಆತ ಒಂದು ಪ್ರಸಂಗ ಮಾಡಿರಲಿಲ್ಲ, ಒಬ್ಬ ರೋಗಿಯನ್ನೂ ಮುಟ್ಟಿರಲಿಲ್ಲ. ಮೆಚ್ಚಿಗೆ ಮೊದಲೇ ಬಂತು. ದೀಕ್ಷಾಸ್ನಾನ ಅಂದರೆ ನಾವು ದೇವರಿಗೆ ಕೊಡುವ ಮಾತು ಅಂತ ಗೆಳತಿಯರು ಹೇಳುತ್ತಾರೆ. ಹೌದು. ಆದರೆ ಅದಕ್ಕೂ ಮೊದಲು ದೇವರು ನಮಗೆ ಕೊಡುವ ಮಾತು ಅದು. ನಾವು ನಿನಗೆ ಹೆಸರಿಟ್ಟಾಗಲೂ ನಿನ್ನ ಒಪ್ಪಿಗೆ ಕೇಳಲಿಲ್ಲ, ಈಗ ಯಾರಾದರೂ ಕರೆದರೆ ಓಗೊಡುವವಳು ನೀನೇ.

ನೀನು ಓಗೊಟ್ಟೂ ಆಗಿದೆ. ಬೆಳೆದ ಮೇಲೆ ನಂಬಿಕೆಯನ್ನು ಸ್ವಂತ ಬಾಯಲ್ಲಿ ಒಪ್ಪಿಕೊಳ್ಳುವ ಕನ್ಫರ್ಮೇಷನ್ ದಿನ ಬಿಷಪ್ ಎದುರು ಮೊಣಕಾಲೂರಿ, ನಂಬುತ್ತೇನೆ ಅಂದೆಯಲ್ಲ, ಧ್ವನಿ ನಡುಗುತ್ತಿತ್ತು. ಅವರು ನಿನ್ನ ತಲೆ ಮೇಲೆ ಎರಡೂ ಕೈ ಇಟ್ಟಾಗ ನಿನ್ನ ಬಿಳಿ ಮುಸುಕು ಜಾರಿ ಭುಜಕ್ಕೆ ಬಿತ್ತು, ನೀನು ಅದನ್ನು ಸರಿಮಾಡಿಕೊಳ್ಳಲೂ ಇಲ್ಲ. ನಂಬಿದ ಮೇಲಿನ ಮಾತು ಬೇಕು ಅನ್ನುವವರಿಗೆ ಅದು ಸಾಲದೇ?

‘ಪಾಪಕ್ಷಮೆಗಾಗಿ ಒಂದೇ ದೀಕ್ಷಾಸ್ನಾನ’ ಅಂತ ನಮ್ಮ ನಂಬಿಕೆಯ ಸಾರವಾದ ನೈಸೀಯ ವಿಶ್ವಾಸಪ್ರಮಾಣದಲ್ಲಿ ಹೇಳುತ್ತೇವೆ. ಎರಡನೆಯದಕ್ಕೆ ನಾನು ಬೇಡ ಅನ್ನುವುದು ಅದಕ್ಕೇ. ಹಾಗಂತ ನೀರಿಗೆ ಮಂತ್ರಶಕ್ತಿ ಇದೆ ಅಂತಲೂ ಅಲ್ಲ. ಮೈಕೊಳೆ ತೊಳೆಯುವುದಲ್ಲ ಇದು ಅಂತ ಯೇಸುವಿನ ಶಿಷ್ಯ ಪೇತ್ರನೇ ಬರೆದಿದ್ದಾನೆ. ಯೇಸುವಿನ ಪಕ್ಕದ ಶಿಲುಬೆಯ ಮೇಲಿದ್ದ ಕಳ್ಳನಿಗೆ ಒಂದು ಹನಿ ನೀರೂ ಸಿಗಲಿಲ್ಲ, ಪರದೈಸು, ಅಂದರೆ ಸ್ವರ್ಗ, ಸಿಕ್ಕಿತು.

ಇನ್ನೊಂದು ಮಾತು. ಯೆಹೂದ್ಯರಾಗಲಿ ಗ್ರೀಕರಾಗಲಿ, ದಾಸರಾಗಲಿ ಸ್ವತಂತ್ರರಾಗಲಿ, ಎಲ್ಲರೂ ದೀಕ್ಷಾಸ್ನಾನದಲ್ಲಿ ಒಂದೇ ದೇಹವಾದೆವು ಅಂತ ಕೊರಿಂಥದವರಿಗೆ ಪೌಲ ಬರೆದ. ನಮ್ಮಲ್ಲಿ ಮದುವೆ ಮಾತು ಬಂದರೆ ಸಾಕು, ‘ಮೊದಲು ಯಾವ ಜನ ಅವರು?’ ಅಂತ ಮೆಲ್ಲಗೆ ಜಾತಿ ವಿಚಾರಿಸುತ್ತಾರೆ. ತಲೆಗೆ ಹನಿಸಿಕೊಂಡವರೂ ಕೇಳುತ್ತಾರೆ, ತೊಟ್ಟಿಯಲ್ಲಿ ಮುಳುಗಿ ಎದ್ದವರೂ ಕೇಳುತ್ತಾರೆ. ನೀರು ಸಾಲಲಿಲ್ಲ ಅಂತ ದೂರುವುದಾದರೆ ಅಲ್ಲಿ ದೂರಬೇಕು ಪುಟ್ಟಿ.

ಕೊಟ್ಟ ಮಾತನ್ನು ಎಲ್ಲರ ಮುಂದೆ ಮತ್ತೆ ಹೇಳಬೇಕು ಅಂತ ಮನಸ್ಸಿದ್ದರೆ ಅದಕ್ಕೆ ನಮ್ಮ ಸಭೆಯಲ್ಲೇ ದಾರಿ ಇದೆ. ಊರಿಗೆ ಬಂದಾಗ ಪಾಸ್ಟರ್ ಹತ್ತಿರ ಇಬ್ಬರೂ ಹೋಗಿ ಮಾತಾಡೋಣ. ಅಷ್ಟಾದ ಮೇಲೂ ನಿನ್ನ ಮನಸ್ಸಾಕ್ಷಿ ಬೇರೆ ಹೇಳಿದರೆ ನಾನು ಜಗಳ ಆಡುವುದಿಲ್ಲ, ವಾದ ಮಾತ್ರ ಬಿಡುವುದಿಲ್ಲ. ಗೆಳತಿಯರನ್ನೂ ಕರೆದುಕೊಂಡು ಬಾ. ಅಮ್ಮ ಬಿರಿಯಾನಿ ಮಾಡ್ತಾಳಂತೆ, ಎಷ್ಟು ಜನ ಅಂತ ಮುಂಚೆಯೇ ತಿಳಿಸು.

ನಿನ್ನ
ಅಪ್ಪ