ಐರ್ಲೆಂಡಿನ ಇಗರ್ಜಿ ಸೋತದ್ದು 2018ರಲ್ಲಿ ಅಲ್ಲ

ಮಾನ್ಯ ಸಂಪಾದಕರೇ,

ಕಳೆದ ವಾರ ನಿಮ್ಮ ಓದುಗರ ಪತ್ರಗಳಲ್ಲಿ ನಮ್ಮ ಕ್ರೈಸ್ತ ಬಂಧು ಒಬ್ಬರು ಬರೆದಿದ್ದರು. ಐರ್ಲೆಂಡಿನಂಥ ಐರ್ಲೆಂಡೇ ಧರ್ಮ ಬಿಟ್ಟಿತು, ಇನ್ನು ಬರೀ ಉಪದೇಶದಿಂದ ಆಗುವುದಿಲ್ಲ, ನೀತಿ ಉಳಿಯಬೇಕಾದರೆ ಕಾನೂನೇ ಬಿಗಿ ಆಗಬೇಕು ಅಂತ. ಅವರ ಸಂಕಟ ನನಗೂ ಗೊತ್ತು. ನಾನು ಬೆಳ್ತಂಗಡಿ ಕಡೆಯ ಕ್ಯಾಥೊಲಿಕ್. ಭಾನುವಾರದ ಪೂಜೆ ತಪ್ಪಿಸಿದ್ದು ಬೆರಳೆಣಿಕೆಯಷ್ಟು ಸಲ, ಅದರಲ್ಲಿ ಎರಡು ಸಲ ಸಂಕ (ಕಾಲುಸೇತುವೆ) ಮುಳುಗಿ ಆಚೆ ದಾಟಲಿಕ್ಕೆ ಆಗದೆ. ಗರ್ಭಪಾತ ತಪ್ಪು ಎಂದು ಇಗರ್ಜಿ (ಚರ್ಚು) ಹೇಳುವುದನ್ನೇ ನಂಬುವವನು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದನ್ನು ಓದಿ ಇವನು ಎಂಥ ಕ್ರಿಸ್ತುವ ಮಾರಾಯ್ರೆ ಅನ್ನುವವರೇ ಜಾಸ್ತಿ.

ಅವರು ಹೇಳುವ ಸೋಲು 2018ರ ಮೇ 25ರದ್ದು. ಆ ದಿನ ಐರ್ಲೆಂಡಿನ ಜನ ಮತ ಹಾಕಿ ತಮ್ಮ ಸಂವಿಧಾನದ ಎಂಟನೇ ತಿದ್ದುಪಡಿಯನ್ನು ಕಿತ್ತುಹಾಕಿದರು. ಹೊಟ್ಟೆಯಲ್ಲಿರುವ ಮಗುವಿಗೂ ತಾಯಿಗೂ ಬದುಕುವ ಹಕ್ಕು ಸಮ ಎಂದು ಹೇಳುತ್ತಿದ್ದ ತಿದ್ದುಪಡಿ ಅದು. ತೆಗೆಯಿರಿ ಅಂದವರು ಶೇ 66.4. ಆದರೆ ಅದು ಸೇರಿದ್ದು ಹೇಗೆ? 1983ರಲ್ಲಿ, ಅದೂ ಜನರ ಮತದಿಂದಲೇ. ಸೇರಿಸಿ ಅಂದವರು ಶೇ 66.9. ಸೇರಿಸಿದವರೂ ಮೂರರಲ್ಲಿ ಎರಡು ಪಾಲು, ಕಿತ್ತವರೂ ಮೂರರಲ್ಲಿ ಎರಡು ಪಾಲು! ನಡುವೆ ಇದ್ದದ್ದು ಬರೀ 35 ವರ್ಷ. 1983ರಲ್ಲಿ ಹೌದು ಅಂದ ಎಷ್ಟೋ ಕೈಗಳೇ 2018ರಲ್ಲಿ ಅದನ್ನು ತೆಗೆದಿರಬೇಕು, ಅಲ್ವಾ? ಹಾಗಾದರೆ ಆ ನಡುವಿನ ವರ್ಷಗಳಲ್ಲಿ ಏನಾಯಿತು ಅಂತ ನೋಡಬೇಕು. ಸುಮ್ನೆ ಟಿವಿ ಕೆಡಿಸಿತು, ಮೊಬೈಲ್ ಕೆಡಿಸಿತು ಅಂದರೆ ಆಗಲಿಲ್ಲ.

ಆ ದೇಶದಲ್ಲಿ ಇಗರ್ಜಿಗೆ ಇದ್ದ ಬಲ ನಮಗೆ ಇಲ್ಲಿ ಊಹಿಸಲಿಕ್ಕೂ ಕಷ್ಟ. 1979ರಲ್ಲಿ ಪೋಪ್ ಎರಡನೇ ಜಾನ್ ಪಾಲ್ ಡಬ್ಲಿನ್ನಿಗೆ ಬಂದಾಗ ಫೀನಿಕ್ಸ್ ಪಾರ್ಕಿನ ಪೂಜೆಗೆ ಸೇರಿದವರು ಹತ್ತು ಲಕ್ಷಕ್ಕೂ ಜಾಸ್ತಿ. ಇಡೀ ದೇಶದ ಜನಸಂಖ್ಯೆಯೇ ಆಗ 34 ಲಕ್ಷದ ಆಸುಪಾಸು. ಶಾಲೆಗಳು ಹೆಚ್ಚುಕಡಿಮೆ ಎಲ್ಲ ಇಗರ್ಜಿಯವು. ವಿಚ್ಛೇದನ ಕೊಡಬಾರದು ಎಂದು ಸಂವಿಧಾನದಲ್ಲೇ ಬರೆದಿತ್ತು. ಅದು ಹೋಗಿದ್ದು 1995ರ ಮತದಾನದಲ್ಲಿ, ಸುಮಾರು ಒಂಬತ್ತು ಸಾವಿರ ಮತಗಳ ಅಂತರದಲ್ಲಿ. ಪೊಲೀಸು, ಕೋರ್ಟು, ಶಾಲೆ, ಬಾವುಟ ಎಲ್ಲ ನಮ್ಮದೇ ಕಡೆ ಇದ್ದ ಊರು ಅದು. ಆ ಪತ್ರ ಬರೆದವರು ಬೇಕು ಅನ್ನುವ ಬಿಗಿ ಕಾನೂನು ಅಲ್ಲಿ ಇತ್ತು. ಇದ್ದೂ ಹೀಗಾಯಿತು.

ಮದುವೆ ಆಗದೆ ಬಸುರಾದ ಹುಡುಗಿಯರನ್ನು ಮನೆಯವರೇ ಕನ್ಯಾಸ್ತ್ರೀಯರ ಆಶ್ರಮಕ್ಕೆ ಬಿಟ್ಟುಬರುತ್ತಿದ್ದ ಕಾಲ. ಮ್ಯಾಗ್ಡಲೀನ್ ಲಾಂಡ್ರಿ ಎಂದು ಇನ್ನೊಂದು ಇತ್ತು. ನಡತೆ ಸರಿ ಇಲ್ಲ ಅನ್ನಿಸಿಕೊಂಡವರು, ದಿಕ್ಕಿಲ್ಲದವರು, ಸುಮ್ನೆ ಯಾರಿಗೋ ಬೇಡವಾದವರು, ಎಲ್ಲರೂ ಅಲ್ಲಿ ಸಂಬಳ ಇಲ್ಲದೆ ಊರವರ ಬಟ್ಟೆ ಒಗೆಯಬೇಕಿತ್ತು. ಅದರಲ್ಲಿ ಕೊನೆಯದು ಮುಚ್ಚಿದ್ದು 1996ರಲ್ಲಿ. 1896 ಅಲ್ಲ, 1996! ನಮ್ಮ ಮನೆಗೆ ಟೆಲಿಫೋನ್ ಬಂದ ವರ್ಷ. ಗಾಲ್ವೇ ಜಿಲ್ಲೆಯ ಟ್ಯೂಮ್ ಎಂಬ ಊರಿನ ಅಂಥದೇ ಒಂದು ತಾಯಿ ಮಕ್ಕಳ ಆಶ್ರಮದಲ್ಲಿ ಸತ್ತ 796 ಮಕ್ಕಳ ಹೆಸರುಗಳನ್ನು ಸ್ಥಳೀಯ ಇತಿಹಾಸಗಾರ್ತಿ ಒಬ್ಬರು ಮರಣ ದಾಖಲೆಗಳಿಂದ ಒಂದೊಂದಾಗಿ ಹುಡುಕಿ ತೆಗೆದರು. ಆ ಮಕ್ಕಳನ್ನು ಎಲ್ಲಿ ಹೂತರು ಎಂಬುದಕ್ಕೆ ದಾಖಲೆಯೇ ಇರಲಿಲ್ಲ. ಆಮೇಲೆ ನೆಲದಡಿಯ ಕೋಣೆಗಳಲ್ಲಿ ಪುಟ್ಟ ಎಲುಬುಗಳು ಸಿಕ್ಕಿದವು. ಇಂಥ 18 ಸಂಸ್ಥೆಗಳ ಬಗ್ಗೆ ಸರ್ಕಾರದ ಆಯೋಗ 2021ರಲ್ಲಿ ವರದಿ ಕೊಟ್ಟಿತು: ಸತ್ತ ಮಕ್ಕಳು ಸುಮಾರು ಒಂಬತ್ತು ಸಾವಿರ. ಹೊಟ್ಟೆಯೊಳಗಿನ ಮಗು ಪವಿತ್ರ ಎಂದು ಹೇಳುತ್ತಿದ್ದ ಬಾಯಿಯೇ ಹುಟ್ಟಿದ ಮಗುವನ್ನು ಹೀಗೆ ನೋಡಿಕೊಂಡರೆ ಕೇಳುವವನಿಗೆ ಏನು ಅನ್ನಿಸಬೇಕು? ಸೋತದ್ದು ಅಲ್ಲಿ, ಸಂಪಾದಕರೇ. 2018ರಲ್ಲಿ ಬರೀ ಎಣಿಕೆ ಆಯಿತು.

ಇನ್ನು ಸವಿತಾ. ಸವಿತಾ ಹಾಲಪ್ಪನವರ್ ನಮ್ಮ ಬೆಳಗಾವಿಯ ಹುಡುಗಿ, ದಂತವೈದ್ಯೆ, 31 ವರ್ಷ. 2012ರ ಅಕ್ಟೋಬರಿನಲ್ಲಿ ಗಾಲ್ವೇಯ ಆಸ್ಪತ್ರೆಗೆ ಸೇರಿದಾಗ 17 ವಾರದ ಬಸುರಿ. ಗರ್ಭ ಉಳಿಯುವುದಿಲ್ಲ ಎಂದು ವೈದ್ಯರಿಗೂ ಗೊತ್ತಿತ್ತು. ತೆಗೆದುಬಿಡಿ ಎಂದು ಗಂಡ ಹೆಂಡತಿ ಕೇಳಿದರು. ಮಗುವಿನ ಎದೆಬಡಿತ ಇನ್ನೂ ಇದೆ, ಆಗುವುದಿಲ್ಲ ಅಂದರು. ಇದು ಕ್ಯಾಥೊಲಿಕ್ ದೇಶ ಎಂಬ ಮಾತು ತನ್ನ ಬಾಯಿಂದ ಬಂದದ್ದು ಹೌದು ಎಂದು ಅಲ್ಲಿನ ನರ್ಸ್ ಒಬ್ಬರು ಮುಂದೆ ಮರಣ ವಿಚಾರಣೆಯಲ್ಲಿ ಒಪ್ಪಿಕೊಂಡರು. ಅಕ್ಟೋಬರ್ 28ಕ್ಕೆ ಸವಿತಾ ನಂಜೇರಿ ತೀರಿಕೊಂಡರು. ಸೋಂಕನ್ನು ಸಮಯಕ್ಕೆ ಗುರುತಿಸಲಿಲ್ಲ ಎಂದೂ ತನಿಖೆ ಹೇಳಿತು, ಅದನ್ನು ಬಿಟ್ಟು ಹೇಳಿದರೆ ಅನ್ಯಾಯವಾಗುತ್ತದೆ. ಆದರೆ ವೈದ್ಯರ ತಲೆಯ ಮೇಲೆ ಎಂಟನೇ ತಿದ್ದುಪಡಿಯೂ, ಗರ್ಭಪಾತಕ್ಕೆ ಜೀವಾವಧಿ ಜೈಲು ಎನ್ನುವ 1861ರ ಬ್ರಿಟಿಷರ ಕಾಯ್ದೆಯೂ ತೂಗುತ್ತಿದ್ದವು. ತಾಯಿಯ ಜೀವಕ್ಕೆ ಅಪಾಯ ಇದ್ದರೆ ತೆಗೆಯಬಹುದಿತ್ತು, ಆದರೆ ಅಪಾಯ ಎಷ್ಟಾದರೆ ಅಪಾಯ? ಅದನ್ನು ಕಾಯುತ್ತಾ ಕೂತರು.

ತಾಯಿಯ ಜೀವಕ್ಕಿಂತ ಮಗುವಿನ ಜೀವ ಮೇಲು ಎಂದು ಇಗರ್ಜಿ ಯಾವತ್ತೂ ಕಲಿಸಿಲ್ಲ ಎಂದು ಐರ್ಲೆಂಡಿನ ಬಿಷಪರುಗಳು ಆ ನವೆಂಬರಿನಲ್ಲಿ ಹೇಳಿಕೆ ಕೊಟ್ಟರು. ನಿಜ, ಕಲಿಸಿಲ್ಲ. ನಾನು ದೊತೊರ್ನಿನಲ್ಲಿ (ಮಕ್ಕಳ ಧರ್ಮಪಾಠದಲ್ಲಿ) ಕಲಿತದ್ದೂ ಅದನ್ನೇ. ಆದರೆ ನಂಬಿಕೆಯನ್ನು ಕಾನೂನಿನ ಕೈಗೆ ಕೊಟ್ಟ ಮೇಲೆ ಅದನ್ನು ಓದುವವರು ಪಾದ್ರಿಗಳಲ್ಲ, ಹೆದರಿದ ಡಾಕ್ಟರು ಮತ್ತು ಆಸ್ಪತ್ರೆಯ ವಕೀಲರು. ಪಾದ್ರಿಯ ಹತ್ತಿರವಾದರೆ ಪಾಪನಿವೇದನೆಗೆ ಕೂತು ಅಳಬಹುದು. ಸೆಕ್ಷನ್ ಹತ್ತಿರ ಅಳಲಿಕ್ಕೆ ಆಗುತ್ತದಾ? 2018ರ ಮತದಾನಕ್ಕೆ ಮೊದಲು ಬೆಳಗಾವಿಯಿಂದ ಸವಿತಾ ಅವರ ಅಪ್ಪ ಅಲ್ಲಿನ ಜನರಿಗೆ ಮಗಳನ್ನು ನೆನಪಿಡಿ ಎಂದು ಕೇಳಿಕೊಂಡರು. ಅವರ ಎದುರು ಕೂತು ಕಾನೂನು ಇನ್ನೂ ಬಿಗಿ ಇರಬೇಕಿತ್ತು ಎಂದು ಹೇಳುವ ಧೈರ್ಯ ನನಗಿಲ್ಲ.

ನನ್ನ ತಮ್ಮನ ಮಗಳು ಐರ್ಲೆಂಡಿನಲ್ಲೇ ನರ್ಸ್. ಈಗ ಅಲ್ಲಿನ ಪೌರತ್ವವೂ ಇದೆ, ಹಾಗಾಗಿ ಮತವೂ ಇತ್ತು. ಮತದಾನದ ರಾತ್ರಿ ಫೋನ್ ಮಾಡಿದ್ದಳು. "ಬಾಪ್ಪು, ನಾನು ತೆಗೆಯುವುದು ಬೇಡ ಅಂತಲೇ ಹಾಕಿದೆ. ಆದರೆ ಪೆನ್ಸಿಲ್ ಹಿಡಿದು ಎಷ್ಟು ಹೊತ್ತು ನಿಂತೆ ಅಂದರೆ, ಹೊರಗೆ ಕಾಯುತ್ತಿದ್ದವರು ಕೆಮ್ಮಿದರು." (ನಮ್ಮಲ್ಲಿ ಅಪ್ಪನ ಅಣ್ಣನೂ ಬಾಪ್ಪು, ತಮ್ಮನೂ ಬಾಪ್ಪು.) ಅವಳ ಕಡೆ ಸೋತಿತು. ಹೊಸ ಕಾನೂನು ಬಂತು, 2019ರ ಜನವರಿಯಿಂದ 12 ವಾರದವರೆಗೆ ಗರ್ಭಪಾತ ಮಾಡಿಸಿಕೊಳ್ಳಬಹುದು ಎಂದಾಯಿತು. ಆದರೆ ಅದೇ ಕಾನೂನಿನಲ್ಲಿ ಇನ್ನೊಂದು ಮಾತೂ ಇದೆ. ಮನಸ್ಸಾಕ್ಷಿ ಒಪ್ಪದ ವೈದ್ಯರೂ ನರ್ಸುಗಳೂ ಇದರಿಂದ ದೂರ ಇರಬಹುದು, ಜೀವಕ್ಕೆ ತುರ್ತು ಅಪಾಯ ಇದ್ದಾಗ ಮಾತ್ರ ಆ ವಿನಾಯಿತಿ ಇಲ್ಲ. ಇವಳು ದೂರ ಇರುತ್ತೇನೆ ಅಂದಳು. ಅವಳ ಮೇಲಿನವಳು ಐರಿಷ್ ಹೆಂಗಸು, ಇಗರ್ಜಿ ಮೆಟ್ಟಿಲು ಹತ್ತದೆ ಎಷ್ಟೋ ವರ್ಷ ಆದವಳು, ಅವಳ ಚಿಕ್ಕಮ್ಮ ಒಬ್ಬಳು ಲಾಂಡ್ರಿಯಲ್ಲಿ ಇದ್ದು ಬಂದವಳಂತೆ. ಬೈಯುತ್ತಾಳೆ ಅಂದುಕೊಂಡಿದ್ದಳು ಇವಳು. ಆಕೆ ಡ್ಯೂಟಿ ಪಟ್ಟಿಯಲ್ಲಿ ಒಂದು ಗುರುತು ಹಾಕಿ, "ರಾತ್ರಿ ಪಾಳಿಯಲ್ಲಿ ರಕ್ತ ಹೋಗುತ್ತಾ ಯಾರಾದರೂ ಬಂದರೆ?" ಅಂತ ಮಾತ್ರ ಕೇಳಿದಳಂತೆ. "ಆಗ ಓಡುವವಳು ನಾನೇ" ಅಂದಳಂತೆ ಇವಳು. ಆಯಿತು ಎಂದು ಪೆನ್ನಿನ ಮುಚ್ಚಳ ಹಾಕಿದಳಂತೆ ಆಕೆ.

ಆ ಎರಡು ಮಾತಿನಲ್ಲಿ ನನಗೆ ಕಂಡ ನಂಬಿಕೆ ಫೀನಿಕ್ಸ್ ಪಾರ್ಕಿನ ಹತ್ತು ಲಕ್ಷದಲ್ಲಿ ಕಾಣುವುದಿಲ್ಲ. ಇದು ನನ್ನ ಅಭಿಪ್ರಾಯ, ಬೇರೆಯವರು ಬೇರೆ ಹೇಳಬಹುದು.

ನಮ್ಮ ಮನೆಯದ್ದೇ ಒಂದು ಮಾತು. ಸಂಜೆ ಇಗರ್ಜಿಯ ಆಮೊರಿ (ಸಂಜೆ ಪ್ರಾರ್ಥನೆಯ) ಗಂಟೆ ಆದ ಮೇಲೆ ಜಪಸರದ ಪ್ರಾರ್ಥನೆಗೆ, ಅಂದರೆ ತೆರ್ಸ್‌ಗೆ ಎಲ್ಲರೂ ಮೊಣಕಾಲೂರಬೇಕು. ಅಪ್ಪ ಬೆತ್ತ ಇಟ್ಟುಕೊಂಡೇ ಕೂರುತ್ತಿದ್ದರು. ತೂಕಡಿಸಿದರೆ ಪಾದಕ್ಕೆ ಒಂದು. ಪಾಪ, ಅವರೇನೂ ಕೆಟ್ಟವರಲ್ಲ, ಅವರ ಅಪ್ಪನೂ ಹಾಗೇ ಮಾಡಿದ್ದು. ಐವರಲ್ಲಿ ಮೂವರು ಊರು ಬಿಟ್ಟ ದಿನವೇ ಜಪಸರವನ್ನೂ ಬಿಟ್ಟರು. ನಾನು ಉಳಿದದ್ದು ಬೆತ್ತದಿಂದ ಅಲ್ಲ. ಅಮ್ಮ ತೆರ್ಸ್ ಮುಗಿಸಿ ಬೆಸಾಂವ್ (ಆಶೀರ್ವಾದ) ಕೊಟ್ಟು, ಒಲೆ ಆರಿಸುವ ಮೊದಲು ಪಕ್ಕದ ಮನೆಯ ಬಾಣಂತಿಗೆ ಬಿಸಿನೀರು ಹೊತ್ತುಕೊಂಡು ಹೋಗುತ್ತಿದ್ದರು, ಅದನ್ನು ನೋಡಿ. ಆ ಬಾಣಂತಿಯ ಗಂಡ ಯಾರು ಎಂದು ಊರಿಗೆ ಗೊತ್ತಿರಲಿಲ್ಲ. ಅಮ್ಮ ಕೇಳಲೂ ಇಲ್ಲ.

ಇನ್ನು ಇಲ್ಲಿಯದನ್ನು ಯೋಚಿಸಿ. 2011ರ ಜನಗಣತಿ ಪ್ರಕಾರ ಕರ್ನಾಟಕದಲ್ಲಿ ನಾವು ನೂರಕ್ಕೆ ಇಬ್ಬರೂ ಇಲ್ಲ. 2022ರಲ್ಲಿ ಮತಾಂತರದ ಕಾನೂನು ಬಂದಾಗ ನಾವೆಲ್ಲ ಏನೆಂದೆವು? ಧರ್ಮ ಬದಲಿಸುವವನು 30 ದಿನ ಮೊದಲೇ ಜಿಲ್ಲಾಡಳಿತಕ್ಕೆ ತಿಳಿಸಬೇಕು ಅಂದರೆ ಹೇಗೆ, ಮನಸ್ಸಾಕ್ಷಿಯ ವಿಷಯಕ್ಕೆ ಸರ್ಕಾರ ಯಾಕೆ ಬರಬೇಕು ಅಂದೆವು. ಸರಿಯಾಗಿಯೇ ಅಂದೆವು. ಮರುವರ್ಷ ಸಚಿವ ಸಂಪುಟ ಅದನ್ನು ಹಿಂಪಡೆಯಲು ತೀರ್ಮಾನಿಸಿದಾಗ ಖುಷಿಪಟ್ಟೆವು. ಹಾಗಾದರೆ ಬೆತ್ತ ನಮ್ಮವರ ಕೈಯಲ್ಲಿದ್ದ ಊರಿನ ಬಗ್ಗೆ ಮಾತಾಡುವಾಗ ಅದೇ ಬೆತ್ತ ಯಾಕೆ ಒಳ್ಳೆಯದಾಗುತ್ತದೆ? ವಿಚ್ಛೇದನದ್ದೂ ಅಷ್ಟೇ. 1869ರ ಕಾಯ್ದೆಗೆ 2001ರಲ್ಲಿ ತಿದ್ದುಪಡಿ ಆಗುವವರೆಗೆ ನಮ್ಮ ಹೆಂಗಸರಿಗೆ ಗಂಡ ಹೊಡೆಯುತ್ತಾನೆ ಎಂದು ತೋರಿಸಿದರೆ ಸಾಲುತ್ತಿರಲಿಲ್ಲ, ಜೊತೆಗೆ ಪರಸಂಗವನ್ನೂ ಸಾಬೀತು ಮಾಡಬೇಕಿತ್ತು. ಗಂಡಸರಿಗೆ ಪರಸಂಗ ಒಂದೇ ಸಾಕಿತ್ತು. ಅದರಿಂದ ಎಷ್ಟು ಸಂಸಾರ ಉಳಿಯಿತು ಎಂದು ನಮ್ಮ ಇಗರ್ಜಿ ವಾರ್ಡಿನ ಗುರ್ಕಾರರನ್ನು (ಮುಖಂಡರನ್ನು) ಕೇಳಿ ನೋಡಿ.

ಈಗ ಆ ಕಡೆಯವರಿಗೂ ಒಂದು ಮಾತು. ನಂಬಿಕೆ ಇದ್ದವನು ಬಾಯಿ ಮುಚ್ಚಿ ಮನೆಯೊಳಗೇ ಇರಲಿ, ಲೋಕ ಮುಂದೆ ಹೋಯಿತು ಎನ್ನುವವರು ಇಲ್ಲಿಯೂ ಇದ್ದಾರೆ, ಅಲ್ಲಿಯೂ ಇದ್ದಾರೆ. ಅವರಿಗೂ ಜನ ಅರ್ಥವಾಗಿಲ್ಲ. ಅದೇ ಐರ್ಲೆಂಡಿನಲ್ಲಿ 2024ರ ಮಾರ್ಚಿನಲ್ಲಿ ಸಂವಿಧಾನದ ಕುಟುಂಬದ ವ್ಯಾಖ್ಯೆಯನ್ನು ಬದಲಿಸುವ ಪ್ರಸ್ತಾವ ಬಂದಾಗ ಮೂರರಲ್ಲಿ ಎರಡು ಪಾಲು ಜನ ಬೇಡ ಅಂದರು. ಮನೆಯೊಳಗಿನ ಆರೈಕೆಯ ಬಗ್ಗೆ ಇದ್ದ ಇನ್ನೊಂದು ಪ್ರಸ್ತಾವಕ್ಕೆ ಬಿದ್ದ ಏಟು ಅದಕ್ಕಿಂತ ಜಾಸ್ತಿ. ದೊಡ್ಡ ಪಕ್ಷಗಳೆಲ್ಲ ಹೌದು ಅನ್ನಿ ಎಂದಿದ್ದರೂ. 2022ರ ಗಣತಿಯಲ್ಲೂ ಶೇ 69 ಮಂದಿ ಕ್ಯಾಥೊಲಿಕ್ ಎಂದೇ ಬರೆಸಿದ್ದಾರೆ. ಹಿಂದಿನ ಗಣತಿಗಿಂತ ಸುಮಾರು ಹತ್ತು ಅಂಶ ಕಡಿಮೆ, ನಿಜ, ಆದರೆ ಸೊನ್ನೆ ಅಲ್ಲ.

ನಮ್ಮ ಹುಡುಗಿ ಈ ಸೆಪ್ಟೆಂಬರಿನಲ್ಲಿ ಮೊಂತಿ ಫೆಸ್ತಿಗೆ (ಮರಿಯಮ್ಮನವರ ಹುಟ್ಟುಹಬ್ಬ, ನಮ್ಮ ತೆನೆಹಬ್ಬ) ಊರಿಗೆ ಬರುತ್ತಾಳೆ. ಪತ್ರ ಬರೆದ ಬಂಧುಗಳು ಎಂಟನೇ ತಾರೀಕು ಮಧ್ಯಾಹ್ನ ನಮ್ಮಲ್ಲಿಗೆ ಊಟಕ್ಕೆ ಬರಲಿ, ವಿಳಾಸ ನಿಮ್ಮ ಕಚೇರಿಗೆ ಕಳಿಸಿದ್ದೇನೆ. ಆವತ್ತು ಮೀನು ಇಲ್ಲ, ಮಾಂಸ ಇಲ್ಲ, ಹೊಸ ಅಕ್ಕಿ ಮತ್ತು ತರಕಾರಿ ಮಾತ್ರ. ಐರ್ಲೆಂಡ್ ಕೆಟ್ಟಿತೋ ಇಲ್ಲವೋ ಎಂದು ಅವಳನ್ನೇ ಕೇಳಲಿ. ಅವಳು ನನ್ನ ಮಾತನ್ನೂ ಪೂರ್ತಿ ಒಪ್ಪುವುದಿಲ್ಲ.

ಇತಿ,
ನಿಮ್ಮ ಹಳೆಯ ಓದುಗ
ಬೆಳ್ತಂಗಡಿ ತಾಲೂಕು